ಕೆರೆಗೆ ಇಳಿಬಿಟ್ಟ ತೂಗುಗುಂಡು

ಕೆಸರಿನ ವಾಸನೆ ಎಂದರೆ ನನಗೆ ಮೊದಲಿಂದಲೂ ಹೇಸಿಗೆ. ಮೀನಿನ ವಾಸನೆಯೂ ಅಷ್ಟೇ. ಈ ಎರಡು ಹೇಸಿಗೆಗಳಿಂದ ನಾನು ಮಾಡಿದ ಘನಂದಾರಿ ಕೆಲಸ ಏನು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಈಗ ಹೇಳಿಬಿಡುತ್ತೇನೆ, ಉಗಿಯುವವರು ಉಗಿಯಲಿ.

ನನ್ನ ಅಣ್ಣ ಚಿನ್ನದ ಗಣಿಯಲ್ಲಿ ಮರದ ಕೆಲಸದವನು. ಸುರಂಗದ ಮೇಲ್ಭಾಗ ಕುಸಿಯದಂತೆ ದಿಮ್ಮಿಗಳನ್ನು ಆನಿಸಿ ನಿಲ್ಲಿಸುವುದು ಅವನ ಕೆಲಸ. ನಾನು ಮೇಲೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಉರಿಗಾಂನ ಲೈನ್ ಮನೆಯಲ್ಲಿ ಅಣ್ಣ, ಅತ್ತಿಗೆ, ನಾನು, ಮೂವರೂ ಇದ್ದೆವು. ಭಾನುವಾರ ಬಂದರೆ ಅಣ್ಣ ಬೇತಮಂಗಲದ ಕೆರೆಗೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ. ಅಲ್ಲಿ ಗಣಿಯ ಒಬ್ಬ ಬಿಳಿ ದೊರೆಯ ಸಣ್ಣ ಹಾಯಿದೋಣಿ ಇತ್ತು. ಅದರ ಹಲಗೆ ಬಿರಿದರೆ ಕೂಡಿಸುವವನು, ಬಣ್ಣ ಬಳಿಯುವವನು, ನೀರಿಗೆ ತಳ್ಳುವವನು ಅಣ್ಣ. ಅದರೊಳಗೆ ಕೂತು ತೇಲುವವನು ದೊರೆ. ದೊರೆಯ ನಾಯಿಯೂ ಕೂತಿತ್ತು. ಅಣ್ಣನಿಗೆ ಒಂದು ದಿನವೂ ದೋಣಿ ಹತ್ತು ಎನ್ನಲಿಲ್ಲ ಆ ಪುಣ್ಯಾತ್ಮ.

ಗಣಿ ಸರ್ಕಾರದ ಕೈಗೆ ಬಂದ ಮೇಲೆ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಈ ದೊರೆ ಹೋಗುವಾಗ ದೋಣಿಯನ್ನು ಕೊಳ್ಳುವವರು ಸಿಗಲಿಲ್ಲ. ಅಣ್ಣನನ್ನು ಕರೆದು, ನೀನೇ ಇಟ್ಟುಕೋ ಎಂದ. ಕೊಟ್ಟ ಎನ್ನುವುದಕ್ಕಿಂತ ಬಿಸಾಡಿದ ಎನ್ನುವುದೇ ಸರಿ. ಬಿಸಾಡಿದ್ದಾದರೂ ಯಾವಾಗ? ಕಲ್ಲಿನ ಧೂಳು ಅಣ್ಣನ ಎದೆಯೊಳಗೆಲ್ಲ ಕೂತು, ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುವ ಹಾಗಾದಾಗ.

“ಒಂದೇ ಒಂದ್ಸಲ ಈ ದಡದಿಂದ ಆ ದಡಕ್ಕೆ ಓಗಿ ಬಂದ್ಬುಡ್ಬೇಕು ಕಣ್ಲಾ,” ಎಂದ ಅಣ್ಣ. “ಆಮೇಲೆ ಏನಾನ ಆಗ್ಲಿ.”

ಅದು ಬೇಸಿಗೆ. ಕೆರೆ ಇಳಿದಿತ್ತು. ಗಾಳಿಗೆ ದೋಣಿ ಮಗುಚದಿರಲೆಂದು ಅದರ ಹೊಟ್ಟೆಯ ಕೆಳಗೆ ಎತ್ತಿ ಇಳಿಸುವ ಒಂದು ಕಬ್ಬಿಣದ ಹಲಗೆ ಇಳಿಬಿದ್ದಿರುತ್ತದೆ. ಅದು ತಳಕ್ಕೆ ತಾಗದಿರಬೇಕಾದರೆ ಸೊಂಟದ ಮೇಲೆ ನೀರು ಬೇಕು. ಎಲ್ಲಿ ಎಷ್ಟು ನೀರಿದೆ ಎಂದು ಮೊದಲೇ ನೋಡಬೇಕು, ಅದಕ್ಕೊಂದು ಅಳತೆಯ ಸಾಮಾನು ಹುಡುಕಬೇಕು. ಮಳೆ ಬರುವವರೆಗೂ ಕಾಯೋಣ ಎನ್ನುವಂತಿರಲಿಲ್ಲ. ಅಣ್ಣನ ಉಸಿರು ನೋಡಿದವರು ಯಾರೂ ಹಾಗೆ ಹೇಳುತ್ತಿರಲಿಲ್ಲ. “ನೀನು ಫಿಟ್ಟರಲ್ವೇನ್ಲಾ, ಅದು ನಿನ್ ಕೆಲ್ಸ,” ಎಂದುಬಿಟ್ಟ.

ರಾಬರ್ಟ್‌ಸನ್‌ಪೇಟೆಯ ಒಂದು ರೇಡಿಯೋ ಅಂಗಡಿಗೆ ಹೋದೆ. ಅಂಗಡಿಯವನು ಯಾವುದೋ ವಿಲಾಯತಿ ಪುಸ್ತಕ ತೆಗೆದು ಚಿತ್ರ ತೋರಿಸಿದ. ನೀರೊಳಗೆ ಶಬ್ದ ಬಿಟ್ಟು, ಅದು ತಳಕ್ಕೆ ತಾಗಿ ವಾಪಸು ಬರುವುದನ್ನು ಕೇಳಿ ಆಳ ಹೇಳುವ ಯಂತ್ರವಂತೆ. ಬೆಲೆ ಕೇಳಿದೆ. ಆ ದುಡ್ಡಿಗೆ ಕೆರೆಯನ್ನೇ ಕೊಳ್ಳಬಹುದಿತ್ತು. ನನ್ನ ಎಣ್ಣೆಜಿಡ್ಡಿನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, “ಮೊದಲು ಮನೆಗೊಂದು ರೇಡಿಯೋ ತಗೊಳ್ಳಪ್ಪ,” ಎಂದು ಹಲ್ಲು ಕಿರಿದ. ಥೂ, ಅವನ ಮುಖಕ್ಕಿಷ್ಟು!

ಬಂಗಾರಪೇಟೆ ಸ್ಟೇಷನ್ ಹತ್ತಿರದ ಗುಜರಿಯವನು ಇನ್ನೂ ಒಂದು ಕೈ ಮೇಲು. ಮುಳ್ಳು ಇರುವ ಒಂದು ಹಿತ್ತಾಳೆ ಡಬ್ಬಿಯನ್ನು ಬಟ್ಟೆಯಲ್ಲಿ ಒರೆಸಿ, ಯುದ್ಧದ ಹಡಗಿನದು, ನೀರಿಗೆ ಬಿಟ್ಟರೆ ಆಳ ತೋರಿಸುತ್ತದೆ ಎಂದು ತಾಯಿಯಾಣೆ ಇಟ್ಟ. ಅದು ಬಾಯ್ಲರಿನ ಆವಿ ಅಳೆಯುವ ಗೇಜು. ಅಂಥವನ್ನು ದಿನಾ ಬಿಚ್ಚಿ ಕೂಡಿಸುವವನು ನಾನು. ಫಿಟ್ಟರನ ಕಣ್ಣಿಗೇ ಮಣ್ಣೆರಚಲು ಬಂದಿದ್ದ ಬೇವರ್ಸಿ.

ಕೊನೆಗೆ ಕೆರೆಯ ದಡದಲ್ಲೇ ಒಬ್ಬ ಮುದುಕ ಸಿಕ್ಕಿದ. ಮೀನು ಹಿಡಿಯುವವನು, ತೆಪ್ಪ ಇಟ್ಟುಕೊಂಡವನು. ಅವನ ಹತ್ತಿರ ನೀರಿನ ಆಳ ನೋಡುವ ಒಂದು ಬಿದಿರಿನ ಗಳ ಇತ್ತು. ಕೆಸರಿನೊಳಗೆ ಇಳಿಯದಿರಲೆಂದು ಅದರ ಬುಡಕ್ಕೆ ಊಟದ ತಟ್ಟೆಯಷ್ಟಗಲದ ಹಲಗೆ ಬಡಿದಿದ್ದ. “ಇದು ತಗೊಂಡೋಗು ಸಾಮೀ, ಕಾಸೇನೂ ಬ್ಯಾಡ,” ಎಂದ. ಗಳದ ಮೈಯೆಲ್ಲ ಲೋಳೆ, ಮೀನಿನ ಸಿಪ್ಪೆ. ಮೂಗು ಮುಚ್ಚಿಕೊಂಡು, ಬೇಡ ಎಂದೆ. ಮೈಲಿಗಟ್ಟಲೆ ಭೂಮಿಯ ಆಳ ಅಳೆಯುವ ಊರಿನವನು ನಾನು, ಈ ನಾರುವ ಬೊಂಬನ್ನು ಮುಟ್ಟುವುದೇ ಎಂಬ ಕೊಬ್ಬು.

ಗಣಿಯಲ್ಲಿ ಕೆಳಗಿಳಿಯುವ ಬಾವಿ, ಅಂದರೆ ಶಾಫ್ಟು, ನೆಟ್ಟಗೆ ಇಳಿದಿದೆಯೇ, ಎಷ್ಟು ಆಳ ಎಂದು ನೋಡಲು ತೂಗುಗುಂಡು ಬಿಡುತ್ತಾರೆ. ಭಾರದ ಗುಂಡು, ಚೂಪು ಮೂತಿ. ಕೆಳಗಿರುವುದು ಬಂಡೆ, ಗುಂಡು ತಾಗಿದ ಕೂಡಲೇ ತಂತಿ ಸಡಿಲವಾಗುತ್ತದೆ, ಅಲ್ಲಿಗೆ ಲೆಕ್ಕ ಮುಗಿಯಿತು. ನಾನೂ ಲೇತಿನಲ್ಲಿ ಅಂಥದ್ದೇ ಒಂದನ್ನು ಕಡೆದು, ಸೂಜಿಯಂತೆ ಮೂತಿ ತೀಡಿ, ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿದೆ. ವರ್ಕ್‌ಶಾಪಿನವರೆಲ್ಲ ಕೈಯಲ್ಲಿ ಹಿಡಿದು ನೋಡಿ ಭೇಷ್ ಎಂದರು. ನಾನೂ ಬೀಗಿದೆ.

ಶನಿವಾರ ಮುದುಕನ ತೆಪ್ಪ ಹತ್ತಿ, ಅಣ್ಣ ಹೋಗಬೇಕಾದ ದಾರಿಯುದ್ದಕ್ಕೂ ಗುಂಡು ಇಳಿಬಿಟ್ಟೆ. ಆರಡಿ, ಏಳಡಿ, ನಡುವೆ ಎಂಟಡಿ.

“ಅದು ಬುರ್ದೇಲಿ ಊತ್ಕೊಂತದೆ ಸಾಮೀ,” ಎಂದ ಮುದುಕ. “ನೀರು ಅಷ್ಟಿಲ್ಲ.”

“ಗಣಿನೇ ಅಳ್ದೋರು ನಾವು. ನೀನು ಸುಮ್ಕೆ ತೆಪ್ಪ ತಳ್ಳು,” ಎಂದೆ.

ಅವನು ತೆಪ್ಪ ತಳ್ಳಿದ. ಗುಂಡನ್ನು ಪ್ರತಿಸಲ ಮೇಲಕ್ಕೆಳೆದಾಗಲೂ ಹಗ್ಗಕ್ಕೆ ಮೊಳಗಟ್ಟಲೆ ಕಪ್ಪು ಕೆಸರು ಮೆತ್ತಿಕೊಂಡು ಬರುತ್ತಿತ್ತು. ಕೊಳೆತ ಮೊಟ್ಟೆಯಂಥ ವಾಸನೆ. ನಾನು ಮುಖ ತಿರುಗಿಸಿ, ಹಗ್ಗವನ್ನು ನೀರಲ್ಲಿ ಜಾಲಿಸಿ ಜಾಲಿಸಿ ತೊಳೆದೆ. ಗುಂಡು ಎಷ್ಟು ಉದ್ದ ಕೆಸರಿನೊಳಗೆ ಹೋಗಿತ್ತು ಎಂಬುದು ಆ ಹಗ್ಗದ ಮೇಲೆಯೇ ಇತ್ತು. ಕಣ್ಣು ಬಿಟ್ಟು ನೋಡಿದ್ದರೆ ಸಾಕಿತ್ತು. ನಾತ ಎಂದು ತೊಳೆದುಬಿಟ್ಟೆನಲ್ಲ, ನನ್ನ ಬುದ್ಧಿಗೆ ಏನು ಬಡಿದಿತ್ತೋ!

ಭಾನುವಾರ ಬೆಳಿಗ್ಗೆ ಅಣ್ಣ ಒಗೆದ ಬಿಳಿ ಪಂಚೆ ಉಟ್ಟು, ನನ್ನ ಸೈಕಲ್ಲಿನ ಹಿಂದೆ ಕೂತು ಬಂದ. ಹಿಂದಿನ ಹಲಗೆಯ ಮೇಲೆ ಕೂತು ಚುಕ್ಕಾಣಿ ಹಿಡಿದ. ಹಾಯಿ ಬಿಚ್ಚಿದೆ, ಗಾಳಿ ತುಂಬಿಕೊಂಡಿತು. ದೋಣಿ ಹೊರಟಾಗ ಅಣ್ಣ ಗಟ್ಟಿಯಾಗಿ ನಕ್ಕ. ಒಂದು ವರ್ಷದಿಂದ ಅವನು ಕೆಮ್ಮದೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. “ಒಳ್ಳೆ ಅಳ್ತೆ ಮಾಡಿದ್ದೀಯ ಕಣ್ಲಾ,” ಎಂದ.

ಕಾಲು ಭಾಗ ದಾರಿಯೂ ಆಗಿರಲಿಲ್ಲ. ನಾನು ಏಳಡಿ ಎಂದು ಬರೆದುಕೊಂಡಿದ್ದ ಜಾಗದಲ್ಲಿ ಕಬ್ಬಿಣದ ಹಲಗೆ ಕೆಸರಿಗೆ ಕಚ್ಚಿಕೊಂಡಿತು. ದೋಣಿ ಗಕ್ಕನೆ ನಿಂತಿತು. ನಾನು ಧುಮುಕಿದೆ. ನೀರು ತೊಡೆಯವರೆಗೆ, ಅದರ ಕೆಳಗೆ ಬರೀ ರೊಚ್ಚೆ. ತಳ್ಳಿದಷ್ಟೂ ಹೂತುಕೊಂಡೆ. ಹಲಗೆಯನ್ನು ಮೇಲೆತ್ತೋಣವೆಂದು ಅಣ್ಣ ಬಗ್ಗಿ ಎಳೆದ. ಎರಡನೇ ಸಲ ಎಳೆದಾಗ ಕೆಮ್ಮು ಹತ್ತಿತು. ಕೆಮ್ಮು ನಿಲ್ಲಲೇ ಇಲ್ಲ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತು ನೋಡಿದರು. ಕೆಲವರು ನಕ್ಕರು ಕೂಡ.

ಮುದುಕನೇ ತೆಪ್ಪ ತಂದ. ದಡದ ಹತ್ತಿರ ತೆಪ್ಪವೂ ಹೋಗದ ಕಡೆ, ಅಣ್ಣನನ್ನು ಬೆನ್ನ ಮೇಲೆ ಹಾಕಿಕೊಂಡು, ಮೊಣಕಾಲುದ್ದ ರೊಚ್ಚೆಯಲ್ಲಿ ನಡೆದು ದಾಟಿಸಿದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಣ್ಣನ ಪಂಚೆ ಸೊಂಟದವರೆಗೂ ಕಪ್ಪಾಗಿತ್ತು.

ಮನೆಯಲ್ಲಿ ಅತ್ತಿಗೆ ಎದೆ ಎದೆ ಬಡಿದುಕೊಂಡಳು. “ಅಯ್ಯೋ, ಏನಾಯ್ತು? ಎಲ್ಲಿ ಬಿದ್ರಿ?”

ನಾನು ಬಾಯಿ ತೆರೆಯುವ ಮೊದಲೇ ಅಣ್ಣ, ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಂಡು, “ಏನಿಲ್ಲ ಬುಡು. ಗಾಳಿ ನಿಂತೋಯ್ತು. ಇವನೇನ್ ಮಾಡ್ತಾನೆ ಪಾಪ,” ಎಂದ.

ಆಮೇಲೆ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ನೋಡಲು ಬಂದವರೆಲ್ಲ ದೋಣಿಯ ವಿಚಾರ ಕೇಳುವರು. ಅಣ್ಣ ಎಲ್ಲರಿಗೂ ಅದನ್ನೇ ಹೇಳುವನು. ನಾನು ಪಕ್ಕದಲ್ಲೇ ಕೂತು ಬಂದವರಿಗೆ ಕಾಫಿ ಕೊಡುತ್ತಿದ್ದೆ. ಹೌದು, ಕೊಡುತ್ತಿದ್ದೆ.

ಮಳೆಗಾಲಕ್ಕೆ ಮೊದಲೇ ಅಣ್ಣ ತೀರಿಕೊಂಡ. ಹನ್ನೊಂದನೆಯ ದಿನ ಊಟಕ್ಕೆ ಬಂದ ನೆಂಟರಲ್ಲಿ ಒಬ್ಬರು ಎಲೆಯ ಮುಂದೆ ಕೂತು, “ಪಾಪ, ಒಂದೇ ಒಂದು ಆಸೆ ಇಟ್ಕೊಂಡಿದ್ದ. ಹಾಳಾದ್ ಗಾಳಿ ಅವತ್ತೇ ನಿಲ್ಬೇಕಾ!” ಎಂದು ಲೊಚಗುಟ್ಟಿದರು. ಸಾಲಿನವರೆಲ್ಲ ತಲೆಯಾಡಿಸಿ ನನ್ನ ಮುಖ ನೋಡಿದರು.

“ಊಂ, ಗಾಳಿ ನಿಂತೋಯ್ತು,” ಎಂದು, ನಾನು ಅವರ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದೆ.