ಕಂಡಕ್ಟರ್ ಸುಂದರಣ್ಣ ಮತ್ತು ಬಿಸುವಿನ ಗಿಳಿಗಳು

ಸುಂದರಣ್ಣನಿಗೆ ಕುಳಿತು ಮಾತಾಡುವುದು ಬರುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಬಾಗಿಲ ದಾರಂದಕ್ಕೆ ಬಲಹೆಗಲು ಕೊಟ್ಟು, ಎಡಗೈ ಮೇಲೆತ್ತಿ ಏನನ್ನಾದರೂ ಹಿಡಿದು ನಿಲ್ಲುವರು. ಹಿಡಿಯಲು ಏನೂ ಸಿಗದಿದ್ದರೆ ಆ ಕೈ ಒಂದು ಗಳಿಗೆ ಗಾಳಿಯಲ್ಲೇ ಹುಡುಕಾಡಿ ಕೆಳಗಿಳಿಯುತ್ತಿತ್ತು. ಮೂಡುಬಿದಿರೆಯಿಂದ ವೇಣೂರು ದಾಟಿ ಬೆಳ್ತಂಗಡಿಗೆ ಬರುವ ಖಾಸಗಿ ಬಸ್ಸುಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕಂಡಕ್ಟರ್ ಆಗಿದ್ದವರು ಅವರು. ಅಲುಗಾಡದ ನೆಲದ ಮೇಲೆ ಅವರಿಗೆ ನಂಬಿಕೆ ಇರಲಿಲ್ಲವೋ ಏನೋ. “ಕೂತ್ಕೊಳ್ಳಿ ಸುಂದರಣ್ಣ” ಎಂದರೆ, “ಪರವಾಗಿಲ್ಲ ಅಕ್ಕ, ಇಲ್ಲೇ ಮುಂದೆ ಇಳೀಲಿಕ್ಕುಂಟು” ಎನ್ನುವರು. ಅರುವತ್ತೈದು ದಾಟಿದ ಅವರಿಗೆ ಮೂವತ್ತಮೂರರ ನಾನೂ ಅಕ್ಕನೇ. ಬಸ್ಸಿನಲ್ಲಿ ಹೆಂಗಸರೆಲ್ಲ ಅಕ್ಕಂದಿರೇ ತಾನೆ.

ನಾವು ಬೆಳ್ತಂಗಡಿ ಪಕ್ಕದ ಲಾಯಿಲಕ್ಕೆ ಬಂದು ನೆಲೆಸಿದ ವರ್ಷ ಅದು. ಗಂಡ ಮಸ್ಕತ್ತಿನಲ್ಲೇ ಉಳಿದಿದ್ದರು. ಮಗಳು ದೀಕ್ಷಾ ಇಲ್ಲೇ ಓದಲಿ ಎಂದು ನಾನು ಅವಳನ್ನು ಕರೆದುಕೊಂಡು ಊರಿಗೆ ಬಂದಿದ್ದೆ. ಏಳು ವರ್ಷದ ಹುಡುಗಿಗೆ ಊರು ಹಿಡಿಸಲಿಲ್ಲ. ಶಾಲೆಗೆ ಹೊರಡುವಾಗ ಅಳು, ಬಂದ ಮೇಲೆ ಮೌನ. ರಜೆ ಸಿಕ್ಕಿದ ಮೇಲಂತೂ ಚಾವಡಿಯಿಂದ ಅಂಗಳಕ್ಕೆ ಇಳಿಯುತ್ತಿರಲಿಲ್ಲ. ಓಣಿಯ ಮಕ್ಕಳು ಗೇಟಿನ ಹೊರಗೆ ಆಡುತ್ತಿದ್ದರೆ ಇವಳು ಕಿಟಕಿಯ ಸರಳು ಹಿಡಿದು ನೋಡುವಳು. ನಾನು ಹತ್ತಿರ ಹೋದರೆ ನೋಡದವಳ ಹಾಗೆ ತಿರುಗುವಳು.

ಒಂದು ಬೆಳಿಗ್ಗೆ ಎರಡು ಮನೆ ಆಚೆಯ ಸುಂದರಣ್ಣ ನಮ್ಮ ಬಾವಿಯ ಹಗ್ಗ ಕೇಳಲು ಬಂದರು. ಮೂಲೆಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದ ದೀಕ್ಷಾಳನ್ನು ನೋಡಿ, “ಟಿಕೆಟ್ ಆಯ್ತಾ ನಿಮ್ಮದು?” ಎಂದು ಕೇಳಿದರು. ಅವರು ಕಿಸೆಯಿಂದ ಯಾವುದೋ ಹಳೆಯ ಚೀಟಿ ತೆಗೆದು, ನನ್ನ ಜೊತೆ ಹಗ್ಗದ ಮಾತಾಡುತ್ತಲೇ, ಅದರ ಕಡೆ ನೋಡದೆಯೇ ಮಡಚತೊಡಗಿದರು. ಮಾತು ಮುಗಿಯುವಷ್ಟರಲ್ಲಿ ಅಂಗೈಯಲ್ಲಿ ಉಗುರಿನಷ್ಟು ಕೊಕ್ಕಿದ್ದ ಹಕ್ಕಿಯೊಂದಿತ್ತು. ಅದನ್ನು ಅವಳ ಮಂಡಿಯ ಮೇಲಿಟ್ಟು, “ಕಳೆದುಹಾಕ್ಬೇಡಿ ಆಯ್ತಾ, ಚೆಕಿಂಗ್ ಬಂದ್ರೆ ತೋರಿಸ್ಲಿಕ್ಕುಂಟು” ಎಂದು ಹೊರಟುಹೋದರು. ಬಸ್ಸಿನಲ್ಲಿ ಅಳುವ ಮಕ್ಕಳನ್ನು ಅವರು ಸುಮ್ಮನಾಗಿಸುತ್ತಿದ್ದದ್ದು ಹೀಗೆಯೇ ಎಂದು ಆಮೇಲೆ ತಿಳಿಯಿತು. ಆ ದಾರಿಯಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಅವರು ‘ಹಕ್ಕಿ ಕಂಡಕ್ಟರ್’.

ಏಪ್ರಿಲ್ ಬಂತು. ತುಳುವರ ಹೊಸ ವರ್ಷದ ಹಬ್ಬ ಬಿಸುವಿಗೆ ಮೂರು ದಿನ ಇರುವಾಗ ಗೇಟು ಸದ್ದಾಯಿತು. ಸುಂದರಣ್ಣನ ಹೆಗಲ ಮೇಲೆ ಇನ್ನೂ ಬಿರಿಯದ ತೆಂಗಿನ ಎಳೆಗರಿ ಇತ್ತು. ನಾವು ತುಳುವಿನಲ್ಲಿ ಸಿರಿ ಎನ್ನುತ್ತೇವಲ್ಲ, ಅದು. ಬೆಣ್ಣೆಯ ಬಣ್ಣದ ಅದರ ಹಿಂದೆ ಪಕ್ಕದ ಮನೆಯ ಜೊಹರಾಳ ಇಬ್ಬರು ಮಕ್ಕಳು, ಅವರ ಹಿಂದೆ ಓಣಿಯ ಮತ್ತೈದು ಮಂದಿ.

“ನಿಮ್ಮ ಚಾವಡಿ ದೊಡ್ಡದುಂಟಲ್ಲ ಅಕ್ಕ. ನಮ್ಮಲ್ಲಿ ಇಷ್ಟು ಜನಕ್ಕೆ ಸ್ಟ್ಯಾಂಡಿಂಗಿಗೂ ಜಾಗ ಇಲ್ಲ. ಬಿಸುವಿಗೆ ಮಕ್ಕಳ ಕೈಯಲ್ಲಿ ಸ್ವಲ್ಪ ಅಲಂಕಾರ ಮಾಡಿಸುವ ಅಂತ.”

ನಾನು ಆಗಲೇ ಬೆಳ್ತಂಗಡಿ ಪೇಟೆಯಿಂದ ಪ್ಲಾಸ್ಟಿಕ್ಕಿನ ಮಾವಿನೆಲೆ ತೋರಣವನ್ನೂ ಮಿನುಗುವ ಹೂಗಳನ್ನೂ ತಂದಿಟ್ಟಿದ್ದೆ. ಅದನ್ನು ಹೇಳಿದೆ. “ಅದು ಇರ್ಲಿ. ಅದು ಹಾಳಾಗುದಿಲ್ಲ, ಬರುವ ವರ್ಷ ಹಾಕ್ಬಹುದು” ಎಂದರು. ಆ ಬರುವ ವರ್ಷ ಇನ್ನೂ ಬಂದಿಲ್ಲ. ತೋರಣ ಅಟ್ಟದ ಮೇಲಿದೆ.

ಅವರ ಕಾನೂನು ಒಂದೇ: ದೊಡ್ಡವರು ಮುಟ್ಟಬಾರದು. ಗರಿಯನ್ನು ಕಡ್ಡಿಯಿಂದ ಬಿಡಿಸಿಕೊಡುವುದು, ಕತ್ತಿ ಹಿಡಿಯುವುದು ಅವರ ಕೆಲಸ. ಉಳಿದದ್ದೆಲ್ಲ ಮಕ್ಕಳದು. ಎರಡು ಎಳೆ ಹಿಡಿದು, ಒಂದರ ಮೇಲೊಂದು ಮಡಚಿ, ನುಸುಳಿಸಿ ಎಳೆದರೆ ಗಿಳಿ. ನುಸುಳಿಸದೆ ಎಳೆದರೆ ಏನೂ ಇಲ್ಲ. ದಾರಂದಕ್ಕೊರಗಿ ನಿಂತು ಅವರು ನಿಧಾನವಾಗಿ ಮಾಡಿ ತೋರಿಸಿದರು. ಮಕ್ಕಳು ಗೇರುಹಣ್ಣು ಚೀಪುತ್ತ, ಅಂಗಿಗೆ ಕಲೆ ಮಾಡಿಕೊಳ್ಳುತ್ತ, ಜಗಳವಾಡುತ್ತ ಮಡಚಿದರು. ಮೊದಲ ದಿನ ದೀಕ್ಷಾ ಕಿಟಕಿಯ ಹತ್ತಿರವೇ ಇದ್ದಳು. ಎರಡನೆಯ ದಿನ ಜೊಹರಾಳ ಮಗಳು ರಿಜ್ವಾನಾ ಯಾರನ್ನೂ ಕೇಳದೆ ಒಂದು ಎಳೆ ತಂದು ಅವಳ ಕೈಗೆ ಕೊಟ್ಟು, “ಇದರ ತುದಿ ಹಿಡಿ, ನಂಗೆ ಕೈ ಸಾಲುದಿಲ್ಲ” ಎಂದಳು. ಸಂಜೆಯ ಹೊತ್ತಿಗೆ ದೀಕ್ಷಾಳದ್ದೂ ಒಂದು ಗಿಳಿಯಾಯಿತು. ಬಾಲ ಕತ್ತಿನಿಂದ ಹೊರಟಿತ್ತು. ಒಂದು ರೆಕ್ಕೆ ಇರಲೇ ಇಲ್ಲ.

“ಇದು ಗಿಳಿಯಾ?” ಎಂದು ರಿಜ್ವಾನಾಳ ತಮ್ಮ ನಕ್ಕ.

“ಗಿಳಿ ಅಂತ ಅದಕ್ಕೆ ಗೊತ್ತುಂಟು ಮಾರಾಯ. ನೀನು ನಿಂದು ನೋಡು” ಎಂದರು ಸುಂದರಣ್ಣ.

ಊರಿಗೆ ಬಂದ ಮೇಲೆ ನನ್ನ ಮಗಳು ಮೊದಲ ಸಲ ಊಟದ ಹೊತ್ತಿನಲ್ಲಿ ತಾನಾಗಿ ಮಾತಾಡಿದಳು. ಅದೆಲ್ಲ ಆ ಗಿಳಿಯ ಮಾತೇ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಬಿಸುವಿನ ಹಿಂದಿನ ಸಂಜೆ, ಬೆಳಿಗ್ಗೆ ಎದ್ದವರು ಮೊದಲು ನೋಡಬೇಕಾದ ಕಣಿ ಇಡಲು ತಯಾರು ಮಾಡುತ್ತಿದ್ದೆ. ಬಾಳೆಲೆಯ ಮೇಲೆ ಅಕ್ಕಿ, ತೆಂಗಿನಕಾಯಿ, ಸೌತೆ, ಮಾವು, ಗೇರುಹಣ್ಣು, ಕಕ್ಕೆ ಹೂ, ಹಿಂದೆ ಕನ್ನಡಿ. ಮೇಲೆ ದಾರದಲ್ಲಿ ಹನ್ನೊಂದು ಗಿಳಿಗಳು. ಬೆಳಿಗ್ಗೆ ವಿಡಿಯೋ ಕರೆಯಲ್ಲಿ ಮಸ್ಕತ್ತಿನಲ್ಲಿದ್ದ ಇವರಿಗೂ ಇವರ ಗೆಳೆಯರಿಗೂ ತೋರಿಸುವುದಿತ್ತು. ಸರಿಯಾಗಿ ನಡುವೆ, ಕನ್ನಡಿಯ ನೇರಕ್ಕೆ, ದೀಕ್ಷಾಳ ಆ ಮುದ್ದೆ. ಅವಳು ಸ್ನಾನಕ್ಕೆ ಹೋಗಿದ್ದಳು. ನಾನು ಅದನ್ನು ಬಿಚ್ಚಿದೆ. ಮೊಬೈಲಿನಲ್ಲಿ ನೋಡಿಕೊಂಡು ಹೊಸ ಎಳೆಯಿಂದ ಅಂದವಾದ ಗಿಳಿಯೊಂದನ್ನು ಮಾಡಿ ಅದೇ ಜಾಗದಲ್ಲಿ ಕಟ್ಟಿದೆ. ಮಗುವಿಗೆ ಗೊತ್ತಾಗುವುದಿಲ್ಲ, ಗೊತ್ತಾದರೂ ಸಂತೋಷವೇ ಪಡುತ್ತಾಳೆ ಎಂದುಕೊಂಡಿದ್ದೆ.

ಬೆಳಿಗ್ಗೆ ಕಣ್ಣು ಮುಚ್ಚಿಸಿ ಕರೆತಂದು ಕಣಿಯ ಮುಂದೆ ನಿಲ್ಲಿಸಿದೆ. ಅವಳು ಕಣ್ಣು ಬಿಟ್ಟು ಕನ್ನಡಿ ನೋಡಲಿಲ್ಲ, ಹಣ್ಣು ನೋಡಲಿಲ್ಲ. ಸೀದಾ ಮೇಲೆ ನೋಡಿದಳು.

“ನಂದೆಲ್ಲಿ?”

“ಅದೇ ಅಲ್ವಾ ಮಗಾ, ನಡುವಿನದ್ದು.”

“ಅದು ನಂದಲ್ಲ.”

ಅಳಲಿಲ್ಲ. ಕೋಣೆಗೆ ಹೋಗಿ ಬಾಗಿಲ ಹಿಂದೆ ಕುಳಿತಳು. ದಿನವೂ ಅಳುತ್ತಿದ್ದವಳು ಅಂದು ಅಳದೇ ಹೋದದ್ದು ನನ್ನನ್ನು ಕಂಗೆಡಿಸಿತು. ಕರೆದೆ, ಪಾಯಸದ ಆಸೆ ತೋರಿಸಿದೆ. ಅವಳು ಬರಲಿಲ್ಲ.

ಎಂಟೂವರೆಗೆ ಸುಂದರಣ್ಣ ಬಂದರು. ಹಬ್ಬದ ದಿನ ಹಿರಿಯರ ಕಾಲಿಗೆರಗಲು ಮಕ್ಕಳು ಅವರ ಮನೆಗೆ ಹೋಗಬೇಕು; ಸುಂದರಣ್ಣ ತಾವೇ ಮಕ್ಕಳಿರುವಲ್ಲಿಗೆ ಬರುತ್ತಿದ್ದರು. ದಾರಂದದಲ್ಲಿ ನಿಂತು ದಾರದತ್ತ ಒಮ್ಮೆ ಕಣ್ಣು ಹಾಯಿಸಿದರು.

“ಅಕ್ಕ, ನಡುವಿನ ಪ್ಯಾಸೆಂಜರ್ ಮೊನ್ನೆ ಹತ್ತಿದವರು ಅಲ್ಲ.”

ನಾನು ನಡೆದದ್ದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಅವರು ಮೆಲ್ಲಗೆ ಇಳಿದು ಚಾವಡಿಯ ಮೆಟ್ಟಿಲ ಮೇಲೆ ಕುಳಿತರು.

“ನಾನು ಕೆಲಸಕ್ಕೆ ಸೇರಿದ ಹೊಸತು” ಎಂದರು. “ವೇಣೂರಲ್ಲಿ ಒಂದು ಹೆಣ್ಣುಮಗು ಹತ್ತಿತು. ಆರನೇ ಕ್ಲಾಸೋ ಏಳೋ. ಶಾಲೆಯ ವಾರ್ಷಿಕೋತ್ಸವಕ್ಕೆ ಅಂತ ಬಣ್ಣದ ಕಾಗದದ ಮಾಲೆ ಮಾಡಿ ತಂದಿತ್ತು, ಎರಡು ಮಾರು ಉದ್ದ. ಬಸ್ಸಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ. ಮಾಲೆ ಎಲ್ಲರ ಮುಖಕ್ಕೆ ತಾಗುದು. ನಂಗೆ ಸಿಟ್ಟು ಬಂತು. ಎಳೆದು ಕಿಟಕಿಯಿಂದ ಹೊರಗೆ ಬಿಸಾಡಿದೆ. ಕಸ ಅಂತ ಹೇಳಿದೆ ಅಕ್ಕ, ಕಸ ಅಂತ.” ಎಡಗೈ ಗಾಳಿಯಲ್ಲಿ ಒಮ್ಮೆ ಹುಡುಕಾಡಿ ಕೆಳಗಿಳಿಯಿತು. “ಅವಳು ಇಳೀಲಿಕ್ಕುಂಟು ಅಂತ ಮಾತ್ರ ಹೇಳಿದಳು. ಇಳಿದು, ಬಸ್ಸು ಬಂದ ದಾರಿಯಲ್ಲೇ ಹಿಂದೆ ನಡೆದಳು. ನಾನು ರೈಟ್, ಪೋಯಿ ಅಂದೆ. ಮತ್ತೆ ಅವಳು ನನ್ನ ಬಸ್ಸಿಗೆ ಹತ್ತಲೇ ಇಲ್ಲ. ಆ ಸ್ಟಾಪಲ್ಲಿ ದಿನಾ ನೋಡ್ತಿದ್ದೆ. ಕಾಗದ ಮಡಚ್ಲಿಕ್ಕೆ ಕಲಿತದ್ದು ಆಮೇಲೆ.”

“ಈಗ ನಾನು ಎಂತ ಮಾಡುದು ಸುಂದರಣ್ಣ?”

“ನಾನು ಬಸ್ಸು ನಿಲ್ಲಿಸ್ಲಿಲ್ಲ. ನಿಮ್ಮದು ಇನ್ನೂ ನಿಂತೇ ಉಂಟಲ್ಲ. ಹೋಗಿ ಕರೀರಿ.”

ಕೋಣೆಗೆ ಹೋಗಿ ಬಾಗಿಲ ಹಿಂದೆ ಅವಳ ಪಕ್ಕ ಕುಳಿತೆ. ನಾನೇ ಬಿಚ್ಚಿದ್ದು, ಪಪ್ಪನ ಗೆಳೆಯರಿಗೆ ಚೆಂದ ಕಾಣಲಿ ಅಂತ ಮಾಡಿದ್ದು, ತಪ್ಪಾಯಿತು ಎಂದೆ. ಮಗಳ ಹತ್ತಿರ ಆ ಮಾತು ಹೇಳಿದ್ದು ಅದೇ ಮೊದಲು. ಅವಳು ಕೇಳಿದಳು: “ಎಲ್ಲಿ ಬಿಸಾಡಿದ್ದು?”

ಅಡುಗೆಮನೆಯ ಹಿಂದಿನ ಬುಟ್ಟಿಯಲ್ಲಿ ಸೌತೆಯ ಸಿಪ್ಪೆಯ ಕೆಳಗೆ ಆ ಎರಡು ಎಳೆಗಳಿದ್ದವು. ತೊಳೆದೆವು. ಮಡಿಕೆಯ ಗೆರೆಗಳು ಹಾಗೇ ಇದ್ದವು. ಅವಳು ಗೆರೆ ಹಿಡಿದು ಮತ್ತೆ ಮಡಚಿದಳು. ಮೊದಲಿಗಿಂತಲೂ ಸೊಟ್ಟಗಾಯಿತು. ಅದನ್ನು ಕನ್ನಡಿಯ ನೇರಕ್ಕೆ ಕಟ್ಟಿ, ನನ್ನದನ್ನು ತೆಗೆಯಲು ಕೈ ಹಾಕಿದೆ.

“ಬೇಡ, ಇರ್ಲಿ. ಅದು ಅಮ್ಮಂದು” ಎಂದಳು. “ಆದ್ರೆ ನಡುವಲ್ಲಿ ಬೇಡ. ಅಲ್ಲಿ, ಕೊನೆಗೆ.”

ಬಾಗಿಲಿನಿಂದ ಸುಂದರಣ್ಣನ ಬಸ್ಸಿನ ಗಂಟಲು ಮೊಳಗಿತು: “ಹಿಂದೆ ಹೋಗಿ ಅಕ್ಕ, ಹಿಂದೆ ಹೋಗಿ! ಹಿಂದೆ ಜಾಗ ಉಂಟು!”

ದೀಕ್ಷಾ ನಕ್ಕಳು. ನಾನೂ ನಕ್ಕೆ, ಕಣ್ಣೊರೆಸಿಕೊಳ್ಳುತ್ತ. ಆಮೇಲೆ ಕರೆಯಲ್ಲಿ ಅವಳಪ್ಪ, “ನಡುವೆ ನೇತಾಡುದು ಎಂತದು, ಮೀನೋ?” ಎಂದು ಕೇಳಿದರು. “ಗಿಳಿ ಅಂತ ಅದಕ್ಕೆ ಗೊತ್ತುಂಟು” ಎಂದು ಇವಳು ಫೋನನ್ನೇ ಗದರಿಸಿದಳು.

ಆಮೇಲಿನ ಆರು ಬಿಸುಗಳಿಗೂ ಮಕ್ಕಳು ನಮ್ಮ ಚಾವಡಿಯಲ್ಲೇ ಸೇರಿದರು. ರಿಜ್ವಾನಾ ಒಂದು ವರ್ಷ ತನ್ನ ಚಿಕ್ಕಮ್ಮನ ಮದುವೆ ಚಪ್ಪರಕ್ಕೂ ಸಿರಿಯ ಗಿಳಿ ಕಟ್ಟಿ, ಸುಂದರಣ್ಣನನ್ನು ಕೈಹಿಡಿದು ಕರೆದೊಯ್ದು ತೋರಿಸಿದಳು. ಅವರು ಅಲ್ಲಿಯೂ ನಿಂತೇ ಬಿರಿಯಾನಿ ಉಂಡರಂತೆ.

ಕೊನೆಯ ಸಲ ಅವರನ್ನು ನೋಡಿದ್ದು ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ, ಬೆಳ್ತಂಗಡಿ ಬಸ್ ನಿಲ್ದಾಣದಲ್ಲಿ. ಮಂಡಿನೋವಿಗೆ ಔಷಧ ತರಲು ಬಂದವರು ಬೆಂಚಿನ ಹತ್ತಿರ ಕೊಡೆ ಊರಿ ನಿಂತಿದ್ದರು. ಮನೆಗೆ ಒಟ್ಟಿಗೆ ಹೋಗುವ ಎಂದೆ. “ನೀವು ಹೋಗಿ ಅಕ್ಕ, ನಾನು ಇನ್ನೆರಡು ಬಸ್ಸು ನೋಡಿ ಬರ್ತೇನೆ” ಎಂದರು. ತಿರುಗಿ ನೋಡಿದಾಗ, ಹೊರಟ ಬಸ್ಸೊಂದರ ಹೊಸ ಕಂಡಕ್ಟರನಿಗೆ ಹಿಂದಿನ ಬಾಗಿಲು ಸರಿಯಾಗಿ ಹಾಕಲು ಕೈಸನ್ನೆ ಮಾಡುತ್ತಿದ್ದರು. ನವರಾತ್ರಿಗೆ ಮೊದಲು, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಈ ಬಿಸುವಿಗೆ ಯಾರೂ ಕರೆಯದೆ ಮಕ್ಕಳು ಬಂದು ಚಾವಡಿ ತುಂಬಿದರು. ಸಿರಿ ಇರಲಿಲ್ಲ. ತೆಂಗಿನಕಾಯಿ ಕೀಳುವವನಲ್ಲಿ ಹೇಳಿ ತರಿಸಿದೆ. ಅವನು ಬಲಿತ ಗರಿ ಕಡಿದು ಕೊಟ್ಟಿದ್ದ. ಮಡಚಿದರೆ ಚಟ್ಟನೆ ಸೀಳುತ್ತಿತ್ತು. ಹದಿನಾಲ್ಕರ ದೀಕ್ಷಾ ಬೆವರುತ್ತ ಮಡಚುತ್ತಿದ್ದಳು. ಓಣಿಗೆ ಹೊಸದಾಗಿ ಬಂದ ಮನೆಯ ಪುಟ್ಟ ಹುಡುಗಿಯೊಬ್ಬಳು, ನಾಲ್ಕು ವರ್ಷವಿರಬೇಕು, ಎಲ್ಲರ ಬಾಯಲ್ಲೂ ಅದೇ ಹೆಸರು ಕೇಳಿ ಕೇಳಿ, “ಸುಂದರಜ್ಜ ಅಂದ್ರೆ ಯಾರು?” ಎಂದಳು.

ಒಂಬತ್ತು ಮಕ್ಕಳೂ ಒಟ್ಟಿಗೇ ಹೇಳಲು ಸುರು ಮಾಡಿದರು. ಒಬ್ಬರದು ಇನ್ನೊಬ್ಬರಿಗೆ ಕೇಳಿಸದಷ್ಟು ಗದ್ದಲ. ಆ ಪುಟ್ಟಿ ಯಾರ ಕಡೆ ನೋಡುವುದೆಂದು ತಿಳಿಯದೆ ಬಾಯಿ ತೆರೆದು ಕುಳಿತಿದ್ದಳು. ನಾನು ಕಲ್ಲಂಗಡಿ ಹೆಚ್ಚಲು ಒಳಗೆ ಹೋದೆ. ತಟ್ಟೆ ತುಂಬಿಕೊಂಡು ಹೊರಗೆ ಬಂದಾಗಲೂ ಅವರಿನ್ನೂ ಹೇಳುತ್ತಲೇ ಇದ್ದರು.