ಬ್ಯಾಗಿ ಪ್ಯಾಂಟಿನ ಕೈಚೀಲ

ಸಿನಿಮಾಗಳಿಗೆ ಬಟ್ಟೆ ಹೊಂದಿಸೋದು ನನ್ನ ಕೆಲಸ. ಹೋದ ವರ್ಷ ಒಂದು ಕಥೆ ಬಂತು, ಹಿಂದೆ ಗಣೇಶನ ಪೆಂಡಾಲುಗಳಲ್ಲಿ ಬ್ರೇಕ್ ಡ್ಯಾನ್ಸ್ ಮಾಡ್ತಿದ್ದ ಹುಡುಗರದ್ದು. ತಕ್ಷಣ ಚಾಮರಾಜಪೇಟೆಯ ರಮೇಶ್ ನೆನಪಾದರು. ಹದಿನೈದು ವರ್ಷದ ಹಿಂದೆ ಅವರು, ತಾವೂ ಗೆಳೆಯರೂ ಹಾಕ್ಕೊಂಡು ಕುಣೀತಿದ್ದ ನಾಲ್ಕು ಮಿರಮಿರ ಮಿಂಚೋ ಬ್ಯಾಗಿ ಪ್ಯಾಂಟುಗಳನ್ನು ನನ್ನ ಹತ್ತಿರ ತಂದಿದ್ದರು.

"ನಮ್ ಕಾಲದ್ದೂ ಒಂದು ಪಿಕ್ಚರ್ ಆಗ್ಲಿ ಸಾರ್," ಅಂದಿದ್ದರು.

ನಾನು ನಕ್ಕುಬಿಟ್ಟಿದ್ದೆ. "ಈಗ ಇದನ್ನೆಲ್ಲಾ ಯಾರು ನೋಡ್ತಾರೆ ಸಾರ್?" ಅಂತ ಪ್ಯಾಂಟುಗಳನ್ನು ವಾಪಸ್ ಕಳಿಸಿದ್ದೆ.

ಈ ಸಲ ನಾನೇ ಅವರ ಮನೆಗೆ ಹೋಗಿ ಪ್ಯಾಂಟು ಕೇಳಿದೆ. ರಮೇಶ್ ಹೆಂಡತಿಯ ಮುಖ ನೋಡಿದರು. ಆಕೆ ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಿಂದ ಒಂದು ಕೈಚೀಲ ತಂದರು. ಮಿಂಚು ಮಾಸಿದ್ದರೂ ಗುರುತು ಸಿಕ್ಕಿತು. ಒಳಗೆ ನುಗ್ಗೆಕಾಯಿ ಇತ್ತು.

"ಸುಮ್ನೆ ಬಿದ್ದಿದ್ವಲ್ಲ ಅಂತ ಹೊಲಿಸ್ಬಿಟ್ಟೆ. ಒಂದೊಂದು ಕಾಲಿಗೆ ಒಂದೊಂದು ಚೀಲ ಬಂತು. ಉಳಿದಿರೋದು ಇದೊಂದೇ," ಅಂದರು ಆಕೆ.

"ಬಿಡಿ ಸಾರ್," ಅಂದರು ರಮೇಶ್. "ಹೊಸದು ಹೊಲಿಸಿ. ಸೊಂಟ ಮಾತ್ರ ಬಿಗಿಯಾಗಿರ್ಲಿ. ಸ್ಟೇಜ್ ಮೇಲೆ ನಂದು ಜಾರಿತ್ತು."

ಚಿಕ್ಕಪೇಟೆಯಿಂದ ಬಟ್ಟೆ ತಂದು ಹೊಲಿಸಿದೆ. ಹಳೇ ಕಾಲದ್ದು ಅನ್ನಿಸಲಿ ಅಂತ ಒಂದು ದಿನವಿಡೀ ಟೀ ಡಿಕಾಕ್ಷನ್ನಿನಲ್ಲಿ ನೆನೆಹಾಕಿ, ಕಲ್ಲಿಗೆ ಉಜ್ಜಿ, ಹೊಳಪು ತೆಗೆಸಿದೆ. ನಿರ್ದೇಶಕರು ಬೆನ್ನು ತಟ್ಟಿದರು.

ಟ್ರೈಲರ್ ಬಂದ ದಿನ ರಮೇಶ್ ಫೋನ್ ಮಾಡಿದರು. "ಚೆನ್ನಾಗಿದೆ ಸಾರ್. ಆದ್ರೆ ಪ್ಯಾಂಟ್ ಯಾಕೆ ಅಷ್ಟು ಮಾಸಿದೆ? ನಾವು ಹಾಕ್ಕೊಂಡಾಗ ಅದು ಹೊಸದಾಗಿತ್ತಲ್ಲ."

ಸರಿಮಾಡೋಣ ಅಂದರೆ ಶೂಟಿಂಗ್ ಮುಗಿದುಹೋಗಿತ್ತು. ಅವತ್ತಿನ ಹಾಗೆ ನಕ್ಕು ಜಾರಿಕೊಳ್ಳೋಣ ಅಂದರೆ ನಗುವೂ ಬರಲಿಲ್ಲ.