ಓಡದ ಬಿಳಿಕಣಗಳು

ಆಸ್ಪತ್ರೆ ಸೇರುವ ಹಿಂದಿನ ದಿನ ನನ್ನ ಆರು ವರ್ಷದ ಮಗಳು ಮೂರ್ನಾಡಿನ ಸಂತೆಯಲ್ಲಿ ಬಳೆ ತೊಡಿಸಿಕೊಂಡಿದ್ದಳು. ಮರುದಿನ ಮತ್ತೆ ಕುರು, ಮತ್ತೆ ಜ್ವರ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುವವರೊಬ್ಬರು, ರಕ್ತದ ಕಣಗಳು ಸಾಯದಿರಲೆಂದು, ಗಾಜಿನ ಪಟ್ಟಿಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದರು. ಏನು ಕೇಳಿದರೂ "ನೋಡುವ, ನೋಡುವ" ಎನ್ನುತ್ತಿದ್ದರು. ಅಂದು ಮಗಳ ಬೆರಳಿನ ಜೊತೆ ತಮ್ಮ ಬೆರಳನ್ನೂ ಚುಚ್ಚಿಕೊಂಡು, ಇಬ್ಬರ ರಕ್ತಕ್ಕೂ ಅವಳ ಕುರುವಿನ ಕೀವು ಬೆರೆಸಿ, ಸೂಕ್ಷ್ಮದರ್ಶಕಕ್ಕೆ ಬಗ್ಗಿದರು.

"ನನ್ನ ಬಿಳಿಕಣ ರೋಗಾಣು ಹಿಡಿಯೋಕೆ ಓಡ್ತವೆ ಡಾಕ್ಟ್ರೇ. ಮಗೂದು ಬೇಕಾದಷ್ಟುಂಟು, ಆದ್ರೆ ನಿಂತಲ್ಲೇ ನಿಂತಿವೆ. ರೋಗಾಣು ಬಂತು ಅನ್ನೋ ಕರೆ ತಿಳಿಯೋ ಏನೋ ಒಂದು ಅವುಗಳ ಮೈಮೇಲೆ ಇಲ್ಲ."

"ಬಿಳಿಕಣಕ್ಕೆ ಕಿವಿ ಉಂಟಾ ಮಾರಾಯ್ರೆ? ಎಣಿಸಿ ಬರೀರಿ, ಸಾಕು," ಎಂದು ಡಾಕ್ಟರು ನಕ್ಕರು.

ರಕ್ತ ಪರೀಕ್ಷಿಸಿದವರು ತಲೆ ತಗ್ಗಿಸಿ, ಬಿಳಿಕಣ ಸಾಕಷ್ಟಿವೆ ಎಂದು ಬರೆದರು. ಆ ಚೀಟಿ ನೋಡಿ ಡಾಕ್ಟರು ಮಗಳನ್ನು ಮನೆಗೆ ಕಳಿಸಿದರು. ಮನೆಗೆ ಬಂದ ಒಂಬತ್ತನೆಯ ದಿನ ಅವಳು ತೀರಿಕೊಂಡಳು.

ಅವಳ ರಕ್ತದಲ್ಲಿ ಇಲ್ಲದೆ ಹೋದದ್ದು ಏನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.